ಓದುಗರ ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಹಟ ಹಿಡಿಯುವ ಹುಲ್ಲಿನ ಯಂತ್ರಗಳು

ಪ್ರಶ್ನೆ (ಕಾರವಾರ): ಕಡಲಂಚಿನ ರೆಸಾರ್ಟಿನ ಹುಲ್ಲುಹಾಸು ನೋಡಿಕೊಳ್ಳುತ್ತೇನೆ. ಮೇಲೆ ಕೂತು ಓಡಿಸುವ ಮೋವರ್ ಜೂನ್‌ನಿಂದ ಶೆಡ್ಡಿನಲ್ಲೇ ಇತ್ತು. ಈಗ ಕೀ ತಿರುಗಿಸಿದರೆ ಬರೀ ‘ಟಿಕ್’ ಎನ್ನುತ್ತದೆ, ಒಮ್ಮೊಮ್ಮೆ ಅದೂ ಇಲ್ಲ. ಹೊಸ ಬ್ಯಾಟರಿ ಹಾಕಿಸಬೇಕೇ?

ಉತ್ತರ: ಅವಸರ ಬೇಡ. ಟಿಕ್ ಎಂದರೆ ಸೊಲೆನಾಯ್ಡ್‌ಗೆ (ಸ್ಟಾರ್ಟರ್‌ಗೆ ಕರೆಂಟ್ ಹಾಯಿಸುವ ಸ್ವಿಚ್ಚಿಗೆ) ಕರೆಂಟ್ ಬರುತ್ತಿದೆ, ಆದರೆ ಸ್ಟಾರ್ಟರ್ ಮೋಟರ್ ತಿರುಗಲು ಸಾಲುತ್ತಿಲ್ಲ. ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಕಡಿಮೆಯಿದ್ದರೆ ಮೊದಲು ನಿಧಾನವಾಗಿ ಚಾರ್ಜ್ ಮಾಡಿ. ಆಮೇಲೂ ಕೀ ತಿರುಗಿಸಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಅನುಮಾನಿಸಿ.

ಉಪ್ಪುಗಾಳಿಯಲ್ಲಿ ಮೊದಲು ಕೈಕೊಡುವುದು ಟರ್ಮಿನಲ್ ಮತ್ತು ಅರ್ತ್ ವಾಯರ್. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಹಳೆಯ ಬ್ರಶ್ಶಿನಿಂದ ಕಿಲುಬು ತಿಕ್ಕಿ ತೊಳೆಯಿರಿ. ಒಣಗಿಸಿ ಬಿಗಿದು ವ್ಯಾಸಲೀನ್ ಸವರಿ. ಅರ್ತ್ ವಾಯರ್ ಚಾಸಿಗೆ ಕೂರುವ ಬೋಲ್ಟ್ ಬಿಚ್ಚಿ, ಕಬ್ಬಿಣ ಹೊಳೆಯುವವರೆಗೆ ಎಮರಿ ಪೇಪರಿನಿಂದ ಉಜ್ಜಿ. ಇದನ್ನು ಯಾರೂ ನೋಡುವುದಿಲ್ಲ.

ಟಿಕ್ ಕೂಡ ಬಾರದಿದ್ದರೆ ಫ್ಯೂಸ್ ನೋಡಿ, ನಂತರ ಸೇಫ್ಟಿ ಸ್ವಿಚ್‌ಗಳು. ಅವು ಸೀಟಿನಡಿ, ಬ್ರೇಕ್ ಪೆಡಲ್ ಬಳಿ, ಬ್ಲೇಡ್ ಲಿವರ್ ಬಳಿ ಇರುತ್ತವೆ. ಬ್ಲೇಡ್ ಆನ್ ಸ್ಥಿತಿಯಲ್ಲೇ ಉಳಿದಿದ್ದರೆ, ಬ್ರೇಕ್ ಪೂರ್ತಿ ಒತ್ತದಿದ್ದರೆ ಯಂತ್ರ ಮಿಸುಕುವುದಿಲ್ಲ. ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಇದೆಯೇ ನೋಡಿ. ಸೀಟಿನ ಸ್ವಿಚ್ಚಿಗೆ ತಂತಿ ತುಂಡು ಸಿಕ್ಕಿಸಿ ‘ಸರಿ’ ಮಾಡಿಕೊಡುವವರಿದ್ದಾರೆ. ಒಪ್ಪಬೇಡಿ, ಓಡಿಸುವವನು ಕೆಳಗೆ ಬಿದ್ದಾಗ ಬ್ಲೇಡ್ ನಿಲ್ಲಿಸುವುದು ಅದೇ.

ಬ್ಯಾಟರಿ ಚೆನ್ನಾಗಿದ್ದೂ ಎಂಜಿನ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಂತರೆ ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು, ಪರೀಕ್ಷಿಸಿ. ಸಿಂಗಲ್ ಸಿಲಿಂಡರ್ ಎಂಜಿನ್‌ಗಳಲ್ಲಿ ಸ್ಟಾರ್ಟ್ ಮಾಡುವಾಗ ವಾಲ್ವ್ ಒಂದಿಷ್ಟು ತೆರೆದು ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಇಳಿಸುವ ಏರ್ಪಾಡಿರುತ್ತದೆ. ಸಂದು ಹೆಚ್ಚಾದರೆ ವಾಲ್ವ್ ಅಷ್ಟು ತೆರೆಯುವುದಿಲ್ಲ, ಸ್ಟಾರ್ಟರ್ ಸೋಲುತ್ತದೆ. ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು, ಕೈಪಿಡಿಯಲ್ಲಿರುವ ಅಳತೆಗೆ ಕೂರಿಸಬೇಕು. ಇದು ಗೊತ್ತಿಲ್ಲದೆ ಬ್ಯಾಟರಿ, ಸ್ಟಾರ್ಟರ್ ಎರಡನ್ನೂ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಪ್ರಶ್ನೆ (ಶಿರಸಿ): ಅಡಿಕೆ ತೋಟದ ಕಳೆಗೆ ಟೂ ಸ್ಟ್ರೋಕ್ ಬ್ರಶ್ ಕಟರ್ ಇದೆ. ಚೋಕ್ ಹಾಕಿದಷ್ಟು ಹೊತ್ತು ಓಡುತ್ತದೆ. ಚೋಕ್ ತೆಗೆದು ರೇಸ್ ಕೊಟ್ಟರೆ ಆಫ್. ಪ್ಲಗ್ ಹೊಸದು.

ಉತ್ತರ: ಚೋಕ್ ಇದ್ದಾಗ ಮಾತ್ರ ಓಡುವ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಟ್ಯಾಂಕಿನ ಮುಚ್ಚಳ ತುಸು ಸಡಿಲಿಸಿ ಓಡಿಸಿ. ಸರಿಯಾದರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಅಷ್ಟೇ. ಇಲ್ಲವಾದರೆ ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಎಳೆದು ನೋಡಿ, ಪೆಟ್ರೋಲ್ ಪೈಪ್ ಬಿರಿದಿದೆಯೇ ಬಗ್ಗಿಸಿ ನೋಡಿ. ಕೊನೆಗೆ ಕಾರ್ಬುರೇಟರ್. ಒಳಗಿನ ರಬ್ಬರ್ ಡಯಾಫ್ರಮ್ ಗಟ್ಟಿಯಾಗಿ ಕರಕರ ಎಂದರೆ ಕಿಟ್ ತಂದು ಬದಲಿಸಿ.

ಕಾರಣ ಬಹುಪಾಲು ನಿಂತ ಪೆಟ್ರೋಲು. ಈಗಿನ ಪೆಟ್ರೋಲಿನ ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಆಷಾಢದಲ್ಲಿ ಕೇಳಬೇಕೇ! ನೀರು ಹೆಚ್ಚಾದರೆ ಎಥನಾಲ್ ಸಮೇತ ತಳಕ್ಕಿಳಿಯುತ್ತದೆ, ಫಿಲ್ಟರ್ ಎಳೆದುಕೊಳ್ಳುವುದು ಅದನ್ನೇ. ತಿಂಗಳೊಳಗೆ ಮುಗಿಯುವಷ್ಟೇ ಪೆಟ್ರೋಲಿಗೆ ಆಯಿಲ್ ಬೆರೆಸಿಕೊಳ್ಳಿ. ಎತ್ತಿಡುವ ಮುನ್ನ ಟ್ಯಾಂಕ್ ಬರಿದು ಮಾಡಿ, ಪೈಪಿನಲ್ಲಿರುವುದು ತೀರಿ ತಾನೇ ಆಫ್ ಆಗುವವರೆಗೆ ಓಡಿಸಿ.

ಪ್ರಶ್ನೆ (ಕುಮಟಾ): ತೆಂಗಿನ ತೋಟದಲ್ಲಿ ಮೋವರ್ ಒಂದು ಬದಿ ತಗ್ಗಾಗಿ ಕೊಯ್ಯುತ್ತದೆ.

ಉತ್ತರ: ಎಡ-ಬಲ ಟೈರುಗಳ ಗಾಳಿ ಸಮ ಮಾಡಿ. ಆಮೇಲೂ ಹಾಗೇ ಇದ್ದರೆ, ಪ್ಲಗ್ ವಾಯರ್ ಬಿಚ್ಚಿಟ್ಟು ಬ್ಲೇಡ್ ನೋಡಿ. ಚಿರೆಕಲ್ಲಿಗೋ ತೆಂಗಿನ ಬುಡಕ್ಕೋ ಬಡಿದು ಬಾಗಿದ ಬ್ಲೇಡನ್ನು ಬಡಿದು ನೇರ ಮಾಡಬೇಡಿ, ಬದಲಿಸಿ.

ಪ್ರಶ್ನೆ (ಹೊನ್ನಾವರ): ಮನೆಯಲ್ಲಿ ದೋಣಿಯ ಔಟ್‌ಬೋರ್ಡ್ ಎಂಜಿನ್ನಿನ ಟೂ ಸ್ಟ್ರೋಕ್ ಆಯಿಲ್ ಇದೆ. ಬ್ರಶ್ ಕಟರ್‌ಗೆ ಬಳಸಬಹುದೇ?

ಉತ್ತರ: ಬೇಡ. ದೋಣಿಯ ಎಂಜಿನ್ ನೀರಿನಿಂದ ತಂಪಾಗುತ್ತದೆ, ಬ್ರಶ್ ಕಟರ್ ಗಾಳಿಯಿಂದ. ಇದರ ಕಾವು ಹೆಚ್ಚು, ಆ ಆಯಿಲ್ ತಡೆಯದೆ ಪಿಸ್ಟನ್ ಕಚ್ಚಬಹುದು. ಡಬ್ಬದ ಮೇಲೆ ‘ಟಿಸಿ-ಡಬ್ಲ್ಯೂ3’ ಎಂದಿದ್ದರೆ ದೋಣಿಗೆ, ‘ಜಾಸೊ ಎಫ್‌ಡಿ’ ಎಂದಿದ್ದರೆ ನಿಮ್ಮ ಕಟರ್‌ಗೆ. ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿ, 25:1 ಎಂದಿದ್ದರೆ 40 ಮಿಲಿ. ಫೋರ್ ಸ್ಟ್ರೋಕ್ ಕಟರ್ ಆದರೆ, ಕೈಪಿಡಿಯಲ್ಲಿ ಬೆರೆಸಲು ಹೇಳಿದ ಕೆಲವು ಮಾದರಿಗಳನ್ನು ಬಿಟ್ಟು, ಪೆಟ್ರೋಲಿಗೆ ಏನನ್ನೂ ಬೆರೆಸುವಂತಿಲ್ಲ.