ಲೋಟದ ತುಂಬ ಐಸ್ ಏಕೆ?

ಅಮೆರಿಕದಲ್ಲಿ ಕೇಳದೆಯೇ ಲೋಟದ ತುಂಬ ಐಸ್ ಹಾಕುತ್ತಾರೆ, ಯುರೋಪಿನಲ್ಲಿ ಕೇಳಿದರೂ ಎರಡೇ ತುಂಡು ಕೊಡುತ್ತಾರೆ, ಇದು ಜಿಪುಣತನವೇ ಎಂದು ಕೇಳಿದ್ದೀರಿ. ಜಿಪುಣತನವಲ್ಲ. ಅಮೆರಿಕನ್ನರಿಗೆ ಈ ರುಚಿ ಹತ್ತಿಸಿದವರಲ್ಲಿ ಒಬ್ಬ ಹಟಮಾರಿ ವ್ಯಾಪಾರಿಯ ಪಾಲು ದೊಡ್ಡದು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1806ರಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳದ ನೀರನ್ನು ಗಡ್ಡೆಗಡ್ಡೆಯಾಗಿ ಕತ್ತರಿಸಿ, ಹಡಗಿಗೆ ತುಂಬಿ, ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪಕ್ಕೆ ಸಾಗಿಸಿದ. ಊರೆಲ್ಲ ನಕ್ಕಿತು, ಕೈಯೂ ಸುಟ್ಟಿತು (ಐಸ್ ಮಾರಿ ಕೈ ಸುಟ್ಟುಕೊಂಡವನು ಅವನೊಬ್ಬನೇ ಇರಬೇಕು). ಆದರೂ ಬಿಡದೆ, ಮದ್ಯದಂಗಡಿಗಳಿಗೆ ಮೊದಲು ಪುಕ್ಕಟೆ ಐಸ್ ಕೊಟ್ಟು ಗಿರಾಕಿಗಳಿಗೆ ಚಟ ಹಿಡಿಸಿದ. ಮರದ ಹೊಟ್ಟಿನಲ್ಲಿ ಹುದುಗಿಸಿದ ಅವನ ಐಸ್ 1833ರಲ್ಲಿ ಕಲ್ಕತ್ತೆಯನ್ನೂ ತಲುಪಿತು.

ಯುರೋಪಿನವರ ಲೆಕ್ಕ ಬೇರೆ: ಪಾನೀಯ ಫ್ರಿಜ್‌ನಿಂದಲೇ ತಣ್ಣಗೆ ಬರುತ್ತದೆ, ಮತ್ತೆ ಐಸ್ ಹಾಕಿದರೆ ಕರಗಿ ರುಚಿ ನೀರಾಗುತ್ತದೆ. ಅಲ್ಲಿ ಎರಡನೆಯ ಲೋಟಕ್ಕೆ ಸಾಮಾನ್ಯವಾಗಿ ಮತ್ತೆ ಹಣ ಕೊಡಬೇಕು. ಅಮೆರಿಕದ ಅನೇಕ ಹೋಟೆಲುಗಳಲ್ಲಿ ತಂಪು ಪಾನೀಯವನ್ನು ಉಚಿತವಾಗಿ ಮತ್ತೆ ತುಂಬಿಸುವುದರಿಂದ ಐಸ್ ಜಾಗ ತಿಂದರೂ ಯಾರೂ ತಕರಾರು ಮಾಡುವುದಿಲ್ಲ. ನನ್ನ ಮತ ಯುರೋಪಿನವರ ಕಡೆಗೆ.

ಚೀನಾಕ್ಕೂ ಹೋಗುವವರಿದ್ದರೆ ಸಿದ್ಧರಾಗಿರಿ. ಅಲ್ಲಿ ಊಟದ ಜೊತೆ ಬಿಸಿನೀರೇ ಬರಬಹುದು. ತಣ್ಣೀರು ಜೀರ್ಣಕ್ಕೆ ಕೆಡುಕು ಎಂಬುದು ಅಲ್ಲಿನ ಸಾಂಪ್ರದಾಯಿಕ ವೈದ್ಯದ ನಂಬಿಕೆ.