ಮರದ ಚೂರಿನ ಮೇಲೆ ಎದ್ದ ಅಣಬೆ ಯಾವುದೆಂದು ತಿಳಿಯುವುದು ಹೇಗೆ?

ಚನ್ನಗಿರಿಯ ನಿಮ್ಮ ಅಡಿಕೆ ತೋಟಕ್ಕೆ ಹರವಿದ ಮರದ ಚೂರಿನಲ್ಲಿ, ಮಳೆಯ ನಂತರ ಕಂದು ಅಣಬೆಗಳು ಗುಂಪಾಗಿ ಎದ್ದಿವೆ, ತಿನ್ನಬಹುದೇ ಎಂದು ಕೇಳಿದ್ದೀರಿ. ಬೇಡ. ನಮ್ಮವರು ಸಾರು ಮಾಡುವ ಹುತ್ತದ ಅಣಬೆ ಗೆದ್ದಲು ಗೂಡಿನಿಂದ ಏಳುತ್ತದೆ, ಮರದ ಚೂರಿನಿಂದಲ್ಲ.

ಗುರುತಿಸುವ ಕುತೂಹಲವಿದ್ದರೆ ಬೀಜಕಣಗಳ ಅಚ್ಚು ತೆಗೆಯಿರಿ. ಬಲಿತ ಅಣಬೆಯ ಕಾಂಡ ಕತ್ತರಿಸಿ, ಕೊಡೆಯನ್ನು ಅಡಿಭಾಗದ ಪದರಗಳು ಕೆಳಗಿರುವಂತೆ ಬಿಳಿ ಕಾಗದದ ಮೇಲಿಟ್ಟು ಲೋಟ ಮುಚ್ಚಿಡಿ. ಬೆಳಿಗ್ಗೆ ಪುಡಿಯ ಬಣ್ಣ ನೋಡಿ. ಕಪ್ಪಾಗಿದ್ದು, ಕೊಡೆಯೂ ಕರಗಿ ಮಸಿಯಂತಾಗಿದ್ದರೆ ಅದು ಮಸಿ ಅಣಬೆಗಳ ಬಳಗದ್ದಿರಬಹುದು. ಮಾಸಲು ಹಸಿರಾದರೆ ವಾಂತಿ ಭೇದಿ ತರಿಸುವ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಎಂದು ಶಂಕಿಸಿ. ತುಕ್ಕಿನ ಕಂದು ಬಂದರೆ ಇನ್ನೂ ಎಚ್ಚರ: ಮರದ ಮೇಲೆ ಬೆಳೆಯುವ ಗ್ಯಾಲರೀನಾ ಕುಲದ ಕೆಲವು ಅಣಬೆಗಳಲ್ಲಿ ಯಕೃತ್ತನ್ನು ಹಾಳುಮಾಡುವ ಅಮಟಾಕ್ಸಿನ್ ಇದೆ. ಕುದಿಸಿದರೂ ಅದು ಹೋಗುವುದಿಲ್ಲ. ಲಕ್ಷಣಗಳು ಸಾಮಾನ್ಯವಾಗಿ 6 ಗಂಟೆಗಳಾದ ಮೇಲೆಯೇ ಕಾಣುತ್ತವೆ.

ಹುಳು ತಿಂದ ಅಣಬೆ ಮನುಷ್ಯರಿಗೂ ಸುರಕ್ಷಿತ, ಬೆಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲ ಎಂಬ ಮಾತುಗಳು ಶುದ್ಧ ಸುಳ್ಳು. ಯಾರಾದರೂ ಈಗಾಗಲೇ ತಿಂದಿದ್ದರೆ ಕಾಯಬೇಡಿ, ಉಳಿದ ಅಣಬೆಯನ್ನೂ ಹಿಡಿದು ಆಸ್ಪತ್ರೆಗೆ ಹೋಗಿ. ತೋಟಕ್ಕೆ ಇವುಗಳಿಂದ ತೊಂದರೆಯಿಲ್ಲ, ಚೂರನ್ನು ಕೊಳೆಸಿ ಗೊಬ್ಬರವಾಗಿಸುತ್ತವೆ.