ಟೇಬಲ್ ನೋಡಲು ಬರುತ್ತದೆ, ಉತ್ತರ ಮಾತ್ರ ತಪ್ಪುತ್ತದೆ

ಪ್ರಶ್ನೆ: ಸರ್, ಎಕನಾಮೆಟ್ರಿಕ್ಸ್ ಈಗಷ್ಟೇ ಶುರು ಮಾಡಿದ್ದೇನೆ. ಝಡ್ ಟೇಬಲ್ ನೋಡಲು ಬರುತ್ತದೆ. ಆದರೂ ನಾರ್ಮಲ್ ಡಿಸ್ಟ್ರಿಬ್ಯೂಷನ್ ಲೆಕ್ಕಗಳು ಅರ್ಧಕ್ಕರ್ಧ ತಪ್ಪುತ್ತವೆ. ಹೈಪಾಥಿಸಿಸ್ ಟೆಸ್ಟಿಂಗ್ ಬಂದರಂತೂ ಯಾವುದನ್ನು ಯಾವುದರಿಂದ ಭಾಗಿಸಬೇಕು ಅಂತಲೇ ತಿಳಿಯುವುದಿಲ್ಲ. ಹೇಗೆ ಅಭ್ಯಾಸ ಮಾಡಲಿ?

ಉತ್ತರ: ಟೇಬಲ್ ನೋಡುವುದು ಕೊನೆಯ ಕೆಲಸ. ಅದಕ್ಕೂ ಮೊದಲು, ಲೆಕ್ಕ ಕೇಳುತ್ತಿರುವುದು ಒಬ್ಬರ ಬಗ್ಗೆಯೋ ಸರಾಸರಿಯ ಬಗ್ಗೆಯೋ ನೋಡಿಕೊಳ್ಳಿ. ಜಾಸ್ತಿ ಜನ ಎಡವುವುದು ಇಲ್ಲೇ.

ಒಂದು ಪರೀಕ್ಷೆಯ ಅಂಕಗಳು ನಾರ್ಮಲ್ ಆಗಿವೆ (ಗಂಟೆಯಾಕಾರದಲ್ಲಿ ಹರಡಿವೆ), ಸರಾಸರಿ 50, ಸ್ಟ್ಯಾಂಡರ್ಡ್ ಡೀವಿಯೇಷನ್ (ಹರಡುವಿಕೆಯ ಅಳತೆ) 10 ಅಂದುಕೊಳ್ಳಿ. ಒಬ್ಬರಿಗೆ 55ಕ್ಕಿಂತ ಜಾಸ್ತಿ ಬರುವ ಸಂಭವ ಎಷ್ಟು? 55ರಿಂದ 50 ಕಳೆದರೆ 5; 5 ಭಾಗಿಸು 10, ಝಡ್ 0.5, ಟೇಬಲ್ ನೋಡಿದರೆ ಉತ್ತರ 0.3085. ಈಗ ಯಾರೋ 25 ಜನರನ್ನು ಆರಿಸಿ ಅವರ ಸರಾಸರಿ 55 ದಾಟುವ ಸಂಭವ ಕೇಳಿದರೆ, ಭಾಗಿಸಬೇಕಾದದ್ದು 10ರಿಂದ ಅಲ್ಲ, 10ನ್ನು 25ರ ವರ್ಗಮೂಲದಿಂದ ಭಾಗಿಸಿದಾಗ ಬರುವ 2ರಿಂದ. ಅದೇ ಸ್ಟ್ಯಾಂಡರ್ಡ್ ಎರರ್. ಝಡ್ 2.5 ಆಗುತ್ತದೆ, ಸಂಭವ 0.0062ಕ್ಕೆ ಇಳಿಯುತ್ತದೆ. ಒಬ್ಬರು 55 ದಾಟುವುದು ದೊಡ್ಡ ಮಾತಲ್ಲ, ಇಪ್ಪತ್ತೈದು ಜನರ ಸರಾಸರಿ ದಾಟುವುದು ಅಪರೂಪ, ಅಲ್ವಾ? ಒಂದೇ ಲೆಕ್ಕವನ್ನು ಹೀಗೆ ಎರಡೂ ಥರ ಮಾಡಿ. ಪ್ರತಿ ಸಲ ಗಂಟೆಯಾಕಾರದ ಚಿತ್ರ ಬರೆದು ಬೇಕಾದ ಭಾಗಕ್ಕೆ ಗೆರೆ ಎಳೆಯಿರಿ. ಬಲಬಾಲ (ಚಿತ್ರದ ಬಲತುದಿಯ ಭಾಗ) ಕೇಳಿದಾಗ ಎಡಭಾಗದ ಸಂಖ್ಯೆ ಬರೆದುಬಿಡುವ ತಪ್ಪು ಇದರಿಂದಲೇ ಅರ್ಧ ನಿಲ್ಲುತ್ತದೆ.

ಹೈಪಾಥಿಸಿಸ್ ಟೆಸ್ಟಿಂಗ್‌ನಲ್ಲಿ ಹೊಸದೇನೂ ಇಲ್ಲ. ಅಂದಾಜಿನಿಂದ ನಲ್ ಹೈಪಾಥಿಸಿಸ್ (ಪರೀಕ್ಷಿಸಲು ಸರಿ ಎಂದು ಇಟ್ಟುಕೊಳ್ಳುವ ಹೇಳಿಕೆ) ಹೇಳುವ ಬೆಲೆ ಕಳೆಯಿರಿ, ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿ. ದೊಡ್ಡ ಸ್ಯಾಂಪಲ್ ಇರುವ ಒಂದು ರಿಗ್ರೆಷನ್‌ನಲ್ಲಿ (ಒಂದು ಅಂಶದ ಜೊತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ಲೆಕ್ಕದಲ್ಲಿ) ಓದಿದ ವರ್ಷಗಳ ಗುಣಾಂಕ 0.08, ಸ್ಟ್ಯಾಂಡರ್ಡ್ ಎರರ್ 0.03 ಇರಲಿ. ಗುಣಾಂಕ ಸೊನ್ನೆ ಎಂಬುದನ್ನು ಪರೀಕ್ಷಿಸಿದರೆ ಟಿ ಬೆಲೆ 2.67, ಶೇ 5ರ ಮಟ್ಟದ ಗಡಿಯಾದ 1.96ಕ್ಕಿಂತ ದೊಡ್ಡದು, ತಿರಸ್ಕರಿಸಿ. ಆದರೆ ಪ್ರಶ್ನೆಪತ್ರಿಕೆ "ಗುಣಾಂಕ 0.10 ಎಂಬುದನ್ನು ಪರೀಕ್ಷಿಸಿ" ಅಂದರೆ? ಸಾಫ್ಟ್‌ವೇರ್ ಕೊಟ್ಟ 2.67 ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದು ಯಾವಾಗಲೂ ಸೊನ್ನೆಯನ್ನೇ ಪರೀಕ್ಷಿಸಿರುತ್ತದೆ, ನಾವು ಮಾತ್ರ ಅದನ್ನೇ ಸುಮ್ನೆ ಇಳಿಸಿಕೊಂಡು ಬಂದುಬಿಡುತ್ತೇವೆ. 0.08ರಿಂದ 0.10 ಕಳೆದು 0.03ರಿಂದ ಭಾಗಿಸಿ: ಮೈನಸ್ 0.67. ತಿರಸ್ಕರಿಸಲು ಆಗುವುದಿಲ್ಲ.

ಸ್ಯಾಂಪಲ್ ಚಿಕ್ಕದಾಗಿದ್ದರೆ 1.96 ಬಿಟ್ಟು ಟಿ ಟೇಬಲ್ ಹಿಡಿಯಿರಿ. 1908ರಲ್ಲಿ ಗಿನ್ನೆಸ್ ಬಿಯರ್ ಕಂಪನಿಯ ಗಾಸೆಟ್ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದ್ದೇ ಚಿಕ್ಕ ಸ್ಯಾಂಪಲ್‌ಗಳ ಕಷ್ಟಕ್ಕೆ.

ಪ್ರಶ್ನೆ: ಪಿ-ವ್ಯಾಲ್ಯೂ 0.03 ಬಂದರೆ ನಲ್ ಹೈಪಾಥಿಸಿಸ್ ಸರಿಯಿರುವ ಸಂಭವ ಶೇ 3 ಅಂತಲೇ?

ಉತ್ತರ: ಅಲ್ಲ. ನಲ್ ಸರಿ ಎಂದು ಇಟ್ಟುಕೊಂಡೇ ಆ ಸಂಖ್ಯೆ ತೆಗೆದಿರುತ್ತೇವೆ. ನಲ್ ಸರಿಯಿದ್ದರೂ ಇಷ್ಟು ದೂರದ, ಅಥವಾ ಇನ್ನೂ ದೂರದ ಫಲಿತಾಂಶ ನೂರಕ್ಕೆ ಮೂರು ಸಲ ಬಂದೀತು, ಅಷ್ಟೇ ಅದರ ಮಾತು. ಹಾಗೆಯೇ ತಿರಸ್ಕರಿಸಲು ಆಗದಿದ್ದಾಗ "ನಲ್ ಸರಿ" ಅಂತ ಬರೆಯಬೇಡಿ. ಮೇಲಿನ ಲೆಕ್ಕದಲ್ಲಿ 0.10 ಮಾತ್ರವಲ್ಲ, 0.05 ಕೂಡ ತಿರಸ್ಕೃತವಾಗುವುದಿಲ್ಲ. ಎರಡೂ ಸರಿಯಿರಲು ಸಾಧ್ಯವಿಲ್ಲವಲ್ಲ.